ಕೋಚಿಂಗ್ ಟ್ಯಾಬ್‌ನಲ್ಲಿ ಬೇರೆ ಬ್ರೌಸರ್ ಹಾಕಲು ಆಗ್ತಿಲ್ಲ. ಈ ಬೀಗ ತೆಗೆಯೋದು ಯಾರ ಕೈಯಲ್ಲಿದೆ?

ಸಪ್ತಾಪುರ_ಅಪ್ಪ

ಎಲ್ಲರಿಗೂ ನಮಸ್ಕಾರ ರೀ. ಟ್ಯಾಬ್ಲೆಟ್ ಬಗ್ಗೆ ತಿಳಿದವರು ದಯವಿಟ್ಟು ಹೇಳಿ.

ಮಗಳಿಗೆ ನೀಟ್ ತಯಾರಿಗೆ ಅಂತ ಒಂದು ಕೋಚಿಂಗ್ ಕಂಪನಿಯ ಕೋರ್ಸ್ ತಗೊಂಡಿದ್ದೆವು. ಜೊತೆಗೆ ಒಂದು ಆಂಡ್ರಾಯ್ಡ್ ಟ್ಯಾಬ್ ಕೊಟ್ಟರು. ಪುಕ್ಕಟೆ ಅಲ್ಲ, ಬಿಲ್‌ನಲ್ಲಿ ಟ್ಯಾಬ್‌ಗೆ ಬೇರೆಯಾಗಿ ದುಡ್ಡು ಹಾಕಿದ್ದಾರೆ. ಈಗ ಆ ಕಂಪನಿಯ ಹುಬ್ಬಳ್ಳಿ ಆಫೀಸ್ ಬಾಗಿಲು ಹಾಕಿದೆ. ಫೋನ್ ಎತ್ತುವವರಿಲ್ಲ.

ಮಗಳು ಈಗ ಧಾರವಾಡದಲ್ಲೇ ಬಿಎಸ್ಸಿ ಓದುತ್ತಿದ್ದಾಳೆ. ಟ್ಯಾಬ್ ಚೆನ್ನಾಗಿದೆ, ಪರದೆ ಒಡೆದಿಲ್ಲ, ಬ್ಯಾಟರಿ ಬಾಳುತ್ತದೆ. ಆದರೆ ಆನ್ ಮಾಡಿದರೆ ಅವರ ಆ್ಯಪ್ ಒಂದೇ ಬರುತ್ತದೆ. ಅದರೊಳಗೆ ಒಂದು ಪುಟ್ಟ ಬ್ರೌಸರ್ ಇದೆ. ಅವರು ಒಪ್ಪಿದ ಸೈಟ್ ಬಿಟ್ಟು ಬೇರೇನೂ ತೆರೆಯುವುದಿಲ್ಲ. ಯೂನಿವರ್ಸಿಟಿ ಸೈಟ್ ಇಲ್ಲ, ಸ್ಕಾಲರ್‌ಶಿಪ್ ಸೈಟ್ ಇಲ್ಲ. ಪ್ಲೇ ಸ್ಟೋರ್ ಇಲ್ಲ, ಸೆಟ್ಟಿಂಗ್ಸ್ ಕೂಡ ಇಲ್ಲ. ಬೇರೆ ಬ್ರೌಸರ್ ಹಾಕಲು ಏನಾದರೂ ದಾರಿ ಇದೆಯಾ?

ಗೋಕುಲರೋಡ್_ರಿಪೇರಿ

ಸರ್, ಟ್ಯಾಬ್ ಕೆಟ್ಟಿಲ್ಲ. ಬೀಗ ಹಾಕಿದ್ದಾರೆ ಅಷ್ಟೇ. ಇಂಥವು ನಮ್ಮ ಅಂಗಡಿಗೆ ಬರ್ತಾನೇ ಇವೆ.

ಡಬ್ಬಿಯಿಂದ ತೆಗೆದು ಮೊದಲ ಸಲ ಆನ್ ಮಾಡುವಾಗಲೇ ಕಂಪನಿಯ ಒಂದು ಆ್ಯಪ್‌ಗೆ ಇಡೀ ಟ್ಯಾಬ್‌ನ ಅಧಿಕಾರ ಕೊಟ್ಟುಬಿಡುತ್ತಾರೆ. ಆಮೇಲೆ ಯಾವ ಆ್ಯಪ್ ಇರಬೇಕು, ಯಾವ ಸೈಟ್ ತೆರೆಯಬೇಕು, ರಿಸೆಟ್ ಮಾಡಲು ಬಿಡಬೇಕೋ ಬೇಡವೋ, ಎಲ್ಲ ಅವರ ಸರ್ವರ್ ಹೇಳಿದ ಹಾಗೆ.

ಇದರಲ್ಲಿ ಎರಡು ಥರ ಇದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬೀಗ ಹಾಕಿದ್ದರೆ, ಪವರ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ರಿಕವರಿ ಅನ್ನುವ ಮೆನುಗೆ ಹೋಗಿ ಫ್ಯಾಕ್ಟರಿ ರಿಸೆಟ್ ಮಾಡಿದರೆ, ಅಂದರೆ ಎಲ್ಲ ಅಳಿಸಿ ಹೊಸದರ ಹಾಗೆ ಮಾಡಿದರೆ, ಸಾಮಾನ್ಯವಾಗಿ ಬೀಗ ಹೋಗುತ್ತದೆ. ಆದರೆ ಟ್ಯಾಬ್‌ನ ಸೀರಿಯಲ್ ನಂಬರನ್ನೇ ಗೂಗಲ್ ಅಥವಾ ತಯಾರಕರ ಸರ್ವರ್‌ನಲ್ಲಿ ಆ ಕಂಪನಿಯ ಹೆಸರಿಗೆ ಬರೆಸಿದ್ದರೆ ಕಷ್ಟ. ರಿಸೆಟ್ ಆಗಿ ವೈಫೈ ಸಿಕ್ಕ ತಕ್ಷಣ ಅದೇ ಬೀಗ ಮತ್ತೆ ಬಂದು ಕೂರುತ್ತದೆ. ಆ ಹೆಸರು ತೆಗೆಸಲು ಆ ಕಂಪನಿಯೇ ಬೇಕು, ಇಲ್ಲವಾದರೆ ಅವರಿಗೆ ಟ್ಯಾಬ್ ಮಾರಿದ ಡೀಲರ್ ಬೇಕು.

ಬಿಲ್ ತಗೊಂಡು ಬನ್ನಿ, ನೋಡೋಣ. ಬಿಲ್ ಇಲ್ಲದ ಟ್ಯಾಬ್ ನಾವು ಮುಟ್ಟುವುದಿಲ್ಲ. ಕದ್ದ ಮಾಲು ಕೂಡ ಹೀಗೇ ಲಾಕ್ ಆಗಿ ಬರುತ್ತದೆ.

ಕುಂದಗೋಳ_ಮೇಷ್ಟ್ರು

ನಾನು ಹೈಸ್ಕೂಲ್ ಶಿಕ್ಷಕ. ಇವರ ಕಷ್ಟ ಅರ್ಥ ಆಗುತ್ತದೆ. ಆದರೆ ಬೀಗವೇ ಕೆಟ್ಟದ್ದು ಅನ್ನಬೇಡಿ. ನಮ್ಮ ಶಾಲೆಯ ಟ್ಯಾಬ್‌ಗಳಿಗೆ ನಾವೇ ಬೀಗ ಹಾಕಿಸಿದ್ದೇವೆ. ಇಲ್ಲದಿದ್ದರೆ ಪಾಠ ಇರುವ ದೀಕ್ಷಾ ಆ್ಯಪ್ ತೆರೆಯುವ ಬದಲು ಮಕ್ಕಳು ಗೇಮ್ ಆಡ್ತಾ ಕೂರುತ್ತಾರೆ. ಎಂಟನೇ ಕ್ಲಾಸಿನ ಹುಡುಗನಿಗೆ ಯಾವ ಬ್ರೌಸರ್ ಬೇಕು ಅಂತ ಕೇಳುವುದರಲ್ಲಿ ಅರ್ಥ ಇದೆಯಾ?

ಗೋಕುಲರೋಡ್_ರಿಪೇರಿ

ಮೇಷ್ಟ್ರೇ, ನಿಮ್ಮ ಶಾಲೆಯ ಬೀಗಕ್ಕೆ ನನ್ನ ವಿರೋಧ ಇಲ್ಲ. ಅದರ ಕೀಲಿ ಶಾಲೆಯ ಹತ್ತಿರ ಇದೆ. ಮಕ್ಕಳು ಪಾಸಾಗಿ ಹೋದ ಮೇಲೆ ಆ ಟ್ಯಾಬನ್ನು ಲೈಬ್ರರಿಗೆ ಕೊಡಬೇಕು ಅನಿಸಿದರೆ ನೀವೇ ತೆಗೆಯಬಹುದು. ಇಲ್ಲಿ ಮಾರಿದವನು ಕೀಲಿ ಜೇಬಲ್ಲಿಟ್ಟುಕೊಂಡು ಊರು ಬಿಟ್ಟಿದ್ದಾನೆ. ದುಡ್ಡು ಕೊಟ್ಟವನ ಹತ್ತಿರ ಕೀಲಿ ಇಲ್ಲ. ನಾನು ಮಾತಾಡುವುದು ಆ ಬೀಗದ ಬಗ್ಗೆ.

ಇದು ಕೋಚಿಂಗ್ ಕಂಪನಿಗಳು ಹುಟ್ಟುಹಾಕಿದ್ದೂ ಅಲ್ಲ, ದೊಡ್ಡ ಕಂಪನಿಗಳು ಮೊದಲೇ ಮಾಡಿವೆ. 2012ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಆರ್‌ಟಿ ಅಂತ ಟ್ಯಾಬ್ಲೆಟ್‌ಗೆ ಬೇರೆ ವಿಂಡೋಸ್ ತಂತು, ಆರ್ಮ್ ಚಿಪ್‌ನ ಮೇಲೆ ಓಡುವಂಥದ್ದು. ಅದರ ಡೆಸ್ಕ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್‌ನದೇ ಬ್ರೌಸರ್ ಆದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಪೂರ್ತಿ ಜಾಗ, ಉಳಿದ ಬ್ರೌಸರ್‌ಗಳಿಗೆ ಬಾಗಿಲು ಬಂದ್. ಆ ವರ್ಷ ಮೇ ತಿಂಗಳಲ್ಲೇ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು ಬಹಿರಂಗವಾಗಿ ದೂರು ಹೇಳಿದರು: ಎಕ್ಸ್‌ಪ್ಲೋರರ್‌ಗೆ ಸಿಗುವ ಸೌಲಭ್ಯ ನಮಗೆ ಸಿಗದಿದ್ದರೆ ವೇಗವಾದ, ಸುರಕ್ಷಿತವಾದ ಬ್ರೌಸರ್ ಕಟ್ಟಲು ಆಗಲ್ಲ ಅಂತ. ಮೈಕ್ರೋಸಾಫ್ಟ್ ಕಡೆಯ ಉತ್ತರ ಬ್ಯಾಟರಿ ಉಳಿಸಬೇಕು, ಸುರಕ್ಷತೆ ಬೇಕು ಅನ್ನೋದು.

ಆ ಟ್ಯಾಬ್ ಮಾರ್ಕೆಟ್‌ನಲ್ಲಿ ಸೋತಿತು. ಮರುವರ್ಷ, ಆ ವಿಂಡೋಸ್ ಹಾಕಿ ತಾನೇ ಮಾರಿದ ಸರ್ಫೇಸ್ ಆರ್‌ಟಿ ಟ್ಯಾಬ್‌ನ ದಾಸ್ತಾನಿಗೆ ಮೈಕ್ರೋಸಾಫ್ಟ್ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ನನಗೆ ಮುಖ್ಯ ಅನಿಸುವುದು ಆಮೇಲಿನ ಕಥೆ. ಅದೇ 2012ರಲ್ಲಿ ಯಾರೋ ಒಂದು ಸಾಧಾರಣ ವಿಂಡೋಸ್ 7 ಲ್ಯಾಪ್‌ಟಾಪ್ ತಗೊಂಡಿದ್ದರು ಅಂದುಕೊಳ್ಳಿ. ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ವಿಂಡೋಸ್ 7 ಕೈಬಿಟ್ಟಿತು. ಆದರೆ 2023ರಲ್ಲಿ ಬಂದ ಫೈರ್‌ಫಾಕ್ಸ್ 115 ಆ ಲ್ಯಾಪ್‌ಟಾಪ್‌ನಲ್ಲೂ ಓಡಿತು, ಅದಕ್ಕೆ ಆಮೇಲೂ ಭದ್ರತಾ ಅಪ್‌ಡೇಟ್ ಬಂದವು. ಸರ್ಫೇಸ್ ಆರ್‌ಟಿ ತಗೊಂಡವರಿಗೆ ಎಕ್ಸ್‌ಪ್ಲೋರರ್ ಒಂದೇ ಗತಿ. ಎರಡೂ ಒಂದೇ ವರ್ಷದ ಯಂತ್ರ, ಎರಡರಲ್ಲೂ ಪರದೆ ಚೆನ್ನಾಗಿದೆ. ಒಂದರಲ್ಲಿ ಬ್ಯಾಂಕ್ ಕೆಲಸ ಮಾಡಬಹುದಿತ್ತು, ಇನ್ನೊಂದರಲ್ಲಿ ಮಾಡಬಾರದು.

ನಮ್ಮ ಕಡೆ ಜನ ಟ್ಯಾಬ್ ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಅಂತ ನೋಡಿ. ಅಣ್ಣನದು ತಂಗಿಗೆ, ತಂಗಿಯದು ಊರಲ್ಲಿರುವ ಅಜ್ಜಿಗೆ. ದುರ್ಗದಬೈಲ್ ಕಡೆ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಎಷ್ಟು ಮಂದಿ! ಅವರಿಗೆ ಬ್ರೌಸರ್ ಆಯ್ಕೆ ಅಂದರೆ ಇಷ್ಟ-ಅನಿಷ್ಟದ ಮಾತಲ್ಲ. ಆ ಟ್ಯಾಬ್ ಇನ್ನೂ ಎಷ್ಟು ವರ್ಷ ಕೆಲಸಕ್ಕೆ ಬರುತ್ತದೆ ಅನ್ನುವ ಮಾತು.

ಬೆಟಗೇರಿ_ಮಗ್ಗ

ನನ್ನ ಐಪ್ಯಾಡ್‌ನಲ್ಲಿ ಕ್ರೋಮ್ ಇದೆ, ಫೈರ್‌ಫಾಕ್ಸ್ ಕೂಡ ಇದೆ. ಲಿಂಕ್ ಒತ್ತಿದರೆ ತಾನಾಗಿ ತೆರೆಯುವ ಡೀಫಾಲ್ಟ್ ಬ್ರೌಸರ್ ಬದಲಿಸಲೂ ಆಗುತ್ತದೆ. ಅಲ್ಲಿ ಏನೂ ತೊಂದರೆ ಇಲ್ಲ ಅಲ್ವಾ?

ರಾಣೆಬೆನ್ನೂರು_ವೆಬ್

ಅಕ್ಕಾ/ಅಣ್ಣಾ, ಡೀಫಾಲ್ಟ್ ಬದಲಿಸುವ ಅವಕಾಶ ಬಂದಿದ್ದೇ 2020ರ ಸೆಪ್ಟೆಂಬರ್‌ನಲ್ಲಿ, ಐಪ್ಯಾಡ್ಓಎಸ್ 14ರ ಜೊತೆ. ಐಪ್ಯಾಡ್ ಮೊದಲು ಬಂದಿದ್ದು 2010ರಲ್ಲಿ. ಹತ್ತು ವರ್ಷ ಯಾವ ಲಿಂಕ್ ಒತ್ತಿದರೂ ಆ್ಯಪಲ್‌ನದೇ ಬ್ರೌಸರ್ ಸಫಾರಿಯೇ ತೆರೆಯುತ್ತಿತ್ತು.

ಈಗಲೂ ನಿಮ್ಮ ಐಪ್ಯಾಡ್‌ನ ಕ್ರೋಮ್ ಒಳಗೆ ಇರುವುದು ಕ್ರೋಮ್‌ನ ಎಂಜಿನ್ ಅಲ್ಲ. ಎಂಜಿನ್ ಅಂದರೆ ಸೈಟ್‌ನ ಕೋಡ್ ಓದಿ, ಅಕ್ಷರ-ಚಿತ್ರ ಜೋಡಿಸಿ ಪರದೆ ಮೇಲೆ ತೋರಿಸುವ ಭಾಗ. ಬ್ರೌಸರ್‌ನ ಅಸಲಿ ಕೆಲಸ ಎಲ್ಲ ಅದರದ್ದೇ. ಕ್ರೋಮ್‌ನದು ಬ್ಲಿಂಕ್, ಫೈರ್‌ಫಾಕ್ಸ್‌ನದು ಗೆಕ್ಕೋ, ಸಫಾರಿಯದು ವೆಬ್‌ಕಿಟ್. ಐಫೋನ್, ಐಪ್ಯಾಡ್‌ನಲ್ಲಿ ವೆಬ್ ತೋರಿಸುವ ಆ್ಯಪ್ ಯಾವುದೇ ಇರಲಿ, ವೆಬ್‌ಕಿಟ್ಟನ್ನೇ ಬಳಸಬೇಕು ಅಂತ ಆ್ಯಪಲ್‌ನ ಆ್ಯಪ್ ಸ್ಟೋರ್ ನಿಯಮ ಇದೆ. ನಮ್ಮ ದೇಶದಲ್ಲಿ ಈಗಲೂ ಹಾಗೇ.

ಇದರಿಂದ ಏನಾಗುತ್ತದೆ ಅಂದರೆ, ಸಫಾರಿಗೆ ಬರದಿದ್ದ ಸೌಲಭ್ಯ ಅಲ್ಲಿ ಯಾರಿಗೂ ಬರುವುದಿಲ್ಲ. ವೆಬ್‌ಸೈಟ್‌ನಿಂದ ನೋಟಿಫಿಕೇಶನ್ ಕಳಿಸುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿ ವರ್ಷಗಳಿಂದ ಇತ್ತು. ಐಫೋನ್, ಐಪ್ಯಾಡ್‌ಗೆ ಬಂದಿದ್ದು 2023ರ ಮಾರ್ಚ್‌ನಲ್ಲಿ. ಅದೂ ಸೈಟನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿದ್ದರೆ ಮಾತ್ರ. ನಾನು ರೈತರಿಗೆ ಬೀಜ ಮಾರುವ ಅಂಗಡಿಗಳಿಗೆ ಸೈಟ್ ಮಾಡಿಕೊಡುತ್ತೇನೆ. ಆ್ಯಪ್ ಕಟ್ಟಿಸಲು ಅವರ ಹತ್ತಿರ ದುಡ್ಡಿಲ್ಲ, ಸೈಟ್‌ನಲ್ಲೇ ಎಲ್ಲ ಆಗಬೇಕು. ಎಂಜಿನ್ ಒಬ್ಬರದೇ ಆದಾಗ ಅವರು ಕೊಡುವವರೆಗೆ ನಾವು ಕಾಯಬೇಕು.

ಕನ್ನಡದ ಮಾತೂ ಇದೆ. ಒತ್ತಕ್ಷರ ಜೋಡಿಸುವುದು, ಅರ್ಕಾವತ್ತು ಸರಿಯಾದ ಜಾಗಕ್ಕೆ ಕೂರಿಸುವುದು ಕೂಡ ಎಂಜಿನ್ ಮತ್ತು ಅದರ ಕೆಳಗಿನ ವ್ಯವಸ್ಥೆಯ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ಒಂದು ಬ್ರೌಸರ್‌ನಲ್ಲಿ ಅಕ್ಷರ ಒಡೆದು ಕಂಡರೆ ಇನ್ನೊಂದರಲ್ಲಿ ತೆರೆದು ನೋಡ್ತೀವಿ. ಎಲ್ಲದರಲ್ಲೂ ಒಂದೇ ಎಂಜಿನ್ ಇದ್ದರೆ ಇನ್ನೊಂದು ಅನ್ನೋದೇ ಇಲ್ಲ.

ಬೆಟಗೇರಿ_ಮಗ್ಗ

ಅಂದರೆ ಸೀರೆಯ ಅಂಚು ಬೇರೆ ಬೇರೆ, ನೇಯ್ದ ಮಗ್ಗ ಒಂದೇ. ಇದು ಗೊತ್ತಿರಲಿಲ್ಲ. ಅಕ್ಕ ಅಂತಲೇ ಕರೆಯಿರಿ.

ಉಣಕಲ್_ಕೆರೆದಂಡೆ

ನಾನು ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದೇನೆ. ಈ ಮಾತಿಗೆ ಇನ್ನೊಂದು ಮುಖ ಇದೆ, ಅದನ್ನೂ ಹೇಳಲೇಬೇಕು.

ಮೊದಲು ಸುರಕ್ಷತೆ. ಈಗಿನ ಎಂಜಿನ್‌ಗಳು ಸೈಟ್‌ಗಳ ಪ್ರೋಗ್ರಾಮ್ ಭಾಷೆಯಾದ ಜಾವಾಸ್ಕ್ರಿಪ್ಟನ್ನು ವೇಗವಾಗಿ ಓಡಿಸಲು, ಓಡುತ್ತಿರುವಾಗಲೇ ಮೆಮೊರಿಯಲ್ಲಿ ಹೊಸ ಯಂತ್ರಭಾಷೆಯ ಕೋಡ್ ಬರೆಯುತ್ತವೆ. ಆ ಅನುಮತಿ ಕಳ್ಳರ ಕೈಗೆ ಸಿಕ್ಕರೆ ಅಪಾಯ. ಅದಕ್ಕೇ ಆ್ಯಪಲ್ ಆ ಅನುಮತಿಯನ್ನು ಬೇರೆ ಆ್ಯಪ್‌ಗಳಿಗೆ ಕೊಡುತ್ತಿರಲಿಲ್ಲ. ವಿಂಡೋಸ್ ಆರ್‌ಟಿಯಲ್ಲೂ ಜಗಳ ಇದೇ ಜಾಗದಲ್ಲಿತ್ತು. ಇದು ಬರೀ ನೆಪ ಅಂತ ತಳ್ಳಿಹಾಕುವಂತಿಲ್ಲ.

ಎರಡನೆಯದು ನನಗೆ ಇನ್ನೂ ದೊಡ್ಡದು. ಪ್ರಪಂಚದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಳಕೆ ಕ್ರೋಮ್‌ನದ್ದೇ. ಒಪೆರಾ 2013ರಲ್ಲಿ ತನ್ನ ಎಂಜಿನ್ ಬಿಟ್ಟು ಕ್ರೋಮ್‌ನ ದಾರಿಯನ್ನೇ ಹಿಡಿಯಿತು. ಮೈಕ್ರೋಸಾಫ್ಟ್ ಎಡ್ಜ್ 2020ರ ಜನವರಿಯಲ್ಲಿ ಕ್ರೋಮ್‌ಗೆ ಬುಡವಾದ ಕ್ರೋಮಿಯಂ ಮೇಲೆ ಬಂತು. ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್ನೆಟ್, ಎಲ್ಲ ಅದೇ. ಉಳಿದಿರುವುದು ಗೆಕ್ಕೋ ಮತ್ತು ವೆಬ್‌ಕಿಟ್. ವೆಬ್‌ಕಿಟ್ ಮಾತ್ರ ಅನ್ನುವ ಐಪ್ಯಾಡ್‌ನ ಗೋಡೆ ಒಡೆದರೆ ಮರುದಿನ ಅಲ್ಲಿಗೂ ಬ್ಲಿಂಕ್ ಬರುತ್ತದೆ. ಆಮೇಲೆ ಸೈಟ್ ಮಾಡುವವರು ಕ್ರೋಮ್‌ನಲ್ಲಿ ಮಾತ್ರ ನೋಡಿ ಮುಗಿಸುತ್ತಾರೆ. ಒಂದು ಏಕಸ್ವಾಮ್ಯ ಒಡೆಯಲು ಹೋಗಿ ಅದಕ್ಕಿಂತ ದೊಡ್ಡ ಏಕಸ್ವಾಮ್ಯ ಕಟ್ಟಿದ ಹಾಗೆ ಆಗಬಾರದು. ಕ್ರೋಮ್ ತನ್ನ ಎಕ್ಸ್‌ಟೆನ್ಶನ್‌ಗಳ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಮ್‌ಗಳ) ನಿಯಮ ಬದಲಿಸಿ ಯೂಬ್ಲಾಕ್ ಒರಿಜಿನ್‌ನಂಥ ಒಳ್ಳೆ ಜಾಹೀರಾತು ತಡೆಯನ್ನೇ ನಿಲ್ಲಿಸಿತು. ನೋಡಿದ್ದೀರಿ ಅಲ್ವಾ?

ಬ್ಯಾಡಗಿ_ಪೇಟೆ

ಕೆರೆದಂಡೆಯವರು ಹೇಳಿದ್ದು ಸರಿ ಇದೆ. ಒಂದೇ ಬ್ರೌಸರ್ ಕಾಲ ನಾವು ಅನುಭವಿಸಿದ್ದೇವೆ. ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಡಿಜಿಟಲ್ ಸಹಿ ಹಾಕುವ ಎಷ್ಟೋ ಸೈಟ್‌ಗಳು ಎಕ್ಸ್‌ಪ್ಲೋರರ್ ಬಿಟ್ಟು ಬೇರೆಲ್ಲೂ ನಡೆಯುತ್ತಿರಲಿಲ್ಲ. ಅದರಲ್ಲೂ ಹಳೇ ಆವೃತ್ತಿಯೇ ಬೇಕು. ಹಾಗಾಗಿ ಆಫೀಸಿನಲ್ಲಿ ಒಂದು ಹಳೇ ಕಂಪ್ಯೂಟರ್ ಸುಮ್ನೆ ಅದಕ್ಕೇ ಇಟ್ಟಿದ್ದೆವು. ಕೊನೆಗೆ 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟೇ ಎಕ್ಸ್‌ಪ್ಲೋರರ್ ನಿಲ್ಲಿಸಿತು.

ದಕ್ಷಿಣ ಕೊರಿಯಾದ ಬ್ಯಾಂಕುಗಳಲ್ಲಿ ಇದಕ್ಕಿಂತ ಜಾಸ್ತಿ ಆಗಿತ್ತು. ಅಲ್ಲಿ ತಮ್ಮದೇ ಗುಪ್ತಲಿಪಿ ವಿಧಾನ ಮಾಡಿಕೊಂಡರು, ಅದು ಓಡಲು ಆ್ಯಕ್ಟಿವ್ ಎಕ್ಸ್ ಅನ್ನುವ ಮೈಕ್ರೋಸಾಫ್ಟ್‌ನ ಜೋಡಣೆ ಬೇಕು, ಆ್ಯಕ್ಟಿವ್ ಎಕ್ಸ್‌ಗೆ ಎಕ್ಸ್‌ಪ್ಲೋರರ್ ಬೇಕು. ಅದರಿಂದ ಹೊರಬರಲು ಇಡೀ ದೇಶಕ್ಕೆ ಎಷ್ಟೋ ವರ್ಷ ಹಿಡಿಯಿತು.

ಗೋಕುಲರೋಡ್_ರಿಪೇರಿ

ಕೆರೆದಂಡೆ ಸರ್, ಕ್ರೋಮ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅದಕ್ಕೆ ಮದ್ದು ಗೂಗಲ್ ಮೇಲೆ ಕಾನೂನು ಹಾಕುವುದು. ಐಪ್ಯಾಡ್ ತಗೊಂಡವರ ಕೈ ಕಟ್ಟುವುದು ಮದ್ದಲ್ಲ. ಗೋಡೆಯೊಳಗೆ ಫೈರ್‌ಫಾಕ್ಸ್‌ನ ಎಂಜಿನ್‌ಗೂ ಜಾಗ ಇಲ್ಲ, ಅದನ್ನು ಮರೆಯಬೇಡಿ. ಬ್ಲಿಂಕ್ ಒಂದನ್ನು ತಡೆಯಲು ಗೆಕ್ಕೋವನ್ನೂ ಹೊರಗಿಟ್ಟರೆ ಮೂರು ಎಂಜಿನ್ ಉಳಿಯುವುದು ಹೇಗೆ?

ಸುರಕ್ಷತೆಗೆ ಬರೋಣ. ಹೊಸ ಟ್ಯಾಬ್‌ಗೆ ನಿಮ್ಮ ವಾದ ನಿಲ್ಲುತ್ತದೆ. ಹಳೇ ಟ್ಯಾಬ್‌ಗೆ ಪೂರ್ತಿ ಉಲ್ಟಾ ಆಗುತ್ತದೆ. ಐಪ್ಯಾಡ್‌ನಲ್ಲಿ ವೆಬ್‌ಕಿಟ್ ಹೊಸದಾಗುವುದು ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಜೊತೆಗೇ. ಆ ಅಪ್‌ಡೇಟ್ ನಿಂತರೆ ಎಂಜಿನ್ ಅಲ್ಲಿಗೇ ನಿಂತಿತು. ಮೇಲೆ ಯಾವ ಬ್ರೌಸರ್ ಹಾಕಿದರೂ ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಸಿಸ್ಟಮ್ ಅಪ್‌ಡೇಟ್ ಬೇಗ ನಿಲ್ಲುತ್ತದೆ, ಅದು ದೊಡ್ಡ ದೋಷವೇ. ಆದರೆ ಬ್ರೌಸರ್ ಬೇರೆಯಾಗಿ ಪ್ಲೇ ಸ್ಟೋರ್‌ನಿಂದ ಬರುತ್ತದೆ. ಟ್ಯಾಬ್ ಹಳೆಯದಾದರೂ ಬ್ರೌಸರ್‌ಗೆ ಇನ್ನೂ ಕೆಲವು ವರ್ಷ ತೇಪೆ ಸಿಗುತ್ತದೆ.

ಇದಕ್ಕೆ ಒಂದು ಗಟ್ಟಿ ಉದಾಹರಣೆ ಕೊಡ್ತೀನಿ. ಸೈಟ್ ಸುರಕ್ಷಿತ ಅಂತ ಬ್ರೌಸರ್ ಒಪ್ಪಬೇಕಾದರೆ ಆ ಸೈಟ್‌ಗೆ ಸರ್ಟಿಫಿಕೇಟ್ ಬೇಕು. ಪುಕ್ಕಟೆಯಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯನ್ನು ಕೋಟ್ಯಂತರ ಸೈಟ್‌ಗಳು ನಂಬಿಕೊಂಡಿವೆ. ಅವರು ಆಸರೆ ಪಡೆದಿದ್ದ ಹಳೇ ಮೂಲ ಸರ್ಟಿಫಿಕೇಟ್ (ಉಳಿದ ಸರ್ಟಿಫಿಕೇಟ್‌ಗಳನ್ನು ನಂಬಲು ಬುಡವಾದದ್ದು) 2021ರ ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು. 7.1.1ಕ್ಕಿಂತ ಹಳೇ ಆಂಡ್ರಾಯ್ಡ್‌ಗಳಿಗೆ ಅವರ ಹೊಸ ಮೂಲ ಸರ್ಟಿಫಿಕೇಟ್ ಗೊತ್ತೇ ಇರಲಿಲ್ಲ. ಆಗ ಬಳಕೆಯಲ್ಲಿದ್ದ ಆಂಡ್ರಾಯ್ಡ್‌ಗಳಲ್ಲಿ ಅವು ಸುಮಾರು ಮೂರನೇ ಒಂದು ಪಾಲು. 2020ರ ನವೆಂಬರ್‌ನಲ್ಲಿ ಆ ಸಂಸ್ಥೆಯೇ ಕೊಟ್ಟ ಸಲಹೆ ಏನು ಗೊತ್ತಾ? ಫೈರ್‌ಫಾಕ್ಸ್ ಹಾಕಿಕೊಳ್ಳಿ. ಯಾಕಂದರೆ ಯಾವ ಮೂಲ ಸರ್ಟಿಫಿಕೇಟ್ ನಂಬಬೇಕು ಅಂತ ಫೈರ್‌ಫಾಕ್ಸ್ ಸಿಸ್ಟಮ್‌ನ ಪಟ್ಟಿ ನೋಡುವುದಿಲ್ಲ, ತನ್ನದೇ ಪಟ್ಟಿ ಜೊತೆಗೆ ತರುತ್ತದೆ. ಆಮೇಲೆ ಆ ಸಂಸ್ಥೆ ಹಳೇ ಆಂಡ್ರಾಯ್ಡ್‌ಗೆ ಬೇರೆ ಒಂದು ವ್ಯವಸ್ಥೆಯನ್ನೂ ಮಾಡಿತು.

ಐಪ್ಯಾಡ್ 2ಕ್ಕೂ ಇದೇ ತೊಂದರೆ ಬಂತು. ಅದು ಐಓಎಸ್ (ಆ್ಯಪಲ್‌ನ ಆಪರೇಟಿಂಗ್ ಸಿಸ್ಟಮ್) 9ಕ್ಕೇ ನಿಂತಿದ್ದು, ಹೊಸ ಮೂಲ ಸರ್ಟಿಫಿಕೇಟ್ ಐಓಎಸ್ 10ರಿಂದ ಮಾತ್ರ ಇದೆ. ಅಲ್ಲಿ "ಫೈರ್‌ಫಾಕ್ಸ್ ಹಾಕಿ" ಅನ್ನೋ ಸಲಹೆ ಕೊಡಲು ಆಗಲ್ಲ. ಹೆಸರು ಫೈರ್‌ಫಾಕ್ಸ್ ಆದರೂ ನೋಡುವುದು ಸಿಸ್ಟಮ್‌ನ ಅದೇ ಹಳೇ ಪಟ್ಟಿ. "ಈ ಸೈಟ್ ಸುರಕ್ಷಿತ ಅಲ್ಲ" ಅಂತ ಎಚ್ಚರಿಕೆ ಬಂದಾಗ ಜನ ಏನು ಮಾಡುತ್ತಾರೆ? ಒತ್ತಿ ಮುಂದೆ ಹೋಗುತ್ತಾರೆ. ಅದೇ ರೂಢಿ ಆಗುತ್ತದೆ. ನಾಳೆ ನಿಜವಾದ ಕಳ್ಳ ಸೈಟ್ ಬಂದಾಗಲೂ ಒತ್ತುತ್ತಾರೆ. ಸುರಕ್ಷತೆಯ ಹೆಸರಲ್ಲಿ ಹಾಕಿದ ಬೀಗ ಹಳೇ ಟ್ಯಾಬ್ ಇಟ್ಟುಕೊಂಡವರಿಗೇ ಸುರಕ್ಷತೆ ಇಲ್ಲದ ಹಾಗೆ ಮಾಡುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿ.

ಉಣಕಲ್_ಕೆರೆದಂಡೆ

ಹಳೇ ಟ್ಯಾಬ್‌ಗಳ ವಿಷಯದಲ್ಲಿ ನಿಮ್ಮ ವಾದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅಪ್‌ಡೇಟ್ ನಿಲ್ಲಿಸುವ ದಿನ ಬೀಗವನ್ನೂ ತೆಗೆಯಬೇಕು ಅಂತ ಕಾನೂನು ಬಂದರೆ ನಾನು ಬೆಂಬಲಿಸುತ್ತೇನೆ. ಹೊಸ ಟ್ಯಾಬ್‌ಗಳ ಬಗ್ಗೆ ನನ್ನ ಮಾತು ಹಾಗೇ ಇರಲಿ.

ಕೊಪ್ಪೀಕರ್ರೋಡ್_ವಕೀಲ

ಕಾನೂನಿನ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ಯುರೋಪಿನಲ್ಲಿ ಈ ಜಗಳ ಹಳೆಯದು. ವಿಂಡೋಸ್‌ನಲ್ಲಿ ಬ್ರೌಸರ್ ಆರಿಸುವ ಪರದೆ ತೋರಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2009ರಲ್ಲಿ ಒಪ್ಪಿಕೊಂಡಿತ್ತು. 2011ರ ಮೇಯಿಂದ 2012ರ ಜುಲೈವರೆಗೆ ಲಕ್ಷಾಂತರ ಕಂಪ್ಯೂಟರ್‌ಗಳಲ್ಲಿ ಆ ಪರದೆ ಬರಲೇ ಇಲ್ಲ. 2013ರ ಮಾರ್ಚ್‌ನಲ್ಲಿ 56.1 ಕೋಟಿ ಯೂರೋ ದಂಡ ಬಿತ್ತು. ಈಗ ಅಲ್ಲಿ ದೊಡ್ಡ ಡಿಜಿಟಲ್ ಕಂಪನಿಗಳಿಗೆ ನಿಯಮ ಹಾಕುವ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಇದೆ. ಅದರ ಕೆಳಗೆ 2024ರ ಮಾರ್ಚ್‌ನಿಂದ ಐಫೋನ್‌ನಲ್ಲಿ ಬೇರೆ ಎಂಜಿನ್‌ಗೆ ಅವಕಾಶ ಬಂತು. ಐಪ್ಯಾಡನ್ನು ಯುರೋಪಿನವರು ಮೊದಲು ಆ ಕಾನೂನಿನ ಪಟ್ಟಿಯಿಂದ ಬಿಟ್ಟಿದ್ದರು. ಏಪ್ರಿಲ್ 29ಕ್ಕೆ ಅದನ್ನೂ ಪಟ್ಟಿಗೆ ಸೇರಿಸಿದರು. ಸೆಪ್ಟೆಂಬರ್‌ನಲ್ಲಿ ಬಂದ ಐಪ್ಯಾಡ್ಓಎಸ್ 18ರಲ್ಲಿ ಬದಲಾವಣೆ ಆಯಿತು. ಆದರೆ ಯುರೋಪಿಗೆ ಅಂತಲೇ ಬೇರೆ ಆ್ಯಪ್ ಮಾಡಬೇಕು ಅನ್ನುವ ಷರತ್ತನ್ನು ಆ್ಯಪಲ್ ಇಟ್ಟಿತು. ಎರಡೆರಡು ಆ್ಯಪ್ ಸಾಕುವುದು ದೊಡ್ಡ ಹೊರೆ ಅಂತ ಮೊಜಿಲ್ಲಾ ಆಕ್ಷೇಪಿಸಿತು. ಕಾನೂನು ಬಂದ ಮೇಲೂ ಹೀಗೆ ಎಳೆದಾಟ ಇರುತ್ತದೆ.

ನಮ್ಮ ದೇಶದಲ್ಲಿ 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪ್ಲೇ ಸ್ಟೋರ್ ಬೇಕಾದರೆ ಕ್ರೋಮ್ ಕೂಡ ಹಾಕಲೇಬೇಕು ಅಂತ ಫೋನ್ ತಯಾರಕರನ್ನು ಕಟ್ಟಿಹಾಕಿದ್ದು ಅದರಲ್ಲಿ ಒಂದು ಅಂಶ. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನ ತೆಗೆದುಹಾಕಿ ದಂಡವನ್ನು ಎತ್ತಿಹಿಡಿಯಿತು. ಗೂಗಲ್ ಆ ಜನವರಿಯಲ್ಲೇ ಹೊಸ ಫೋನ್, ಟ್ಯಾಬ್‌ಗಳಲ್ಲಿ ಆಯ್ಕೆ ಪರದೆ ತರುತ್ತೇವೆ ಅಂತ ಹೇಳಿತು. ಆದರೆ ಅದು ಸರ್ಚ್ ಎಂಜಿನ್ ಆರಿಸುವ ಪರದೆ, ಬ್ರೌಸರ್‌ನದಲ್ಲ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ದೊಡ್ಡ ಡಿಜಿಟಲ್ ಕಂಪನಿಗಳಿಗೆ ಮೊದಲೇ ನಿಯಮ ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು. ನನ್ನ ಅಭಿಪ್ರಾಯದಲ್ಲಿ ನಮಗೆ ಬೇಕಾಗಿರುವುದು ಅಂಥ ಕಾನೂನೇ. ತಪ್ಪು ಮಾಡಿ ವರ್ಷಗಳಾದ ಮೇಲೆ ದಂಡ ಹಾಕಿದರೆ ಅಷ್ಟರಲ್ಲಿ ಸಣ್ಣವರು ಮುಳುಗಿರುತ್ತಾರೆ.

ಸಪ್ತಾಪುರದ ಸರ್, ನಿಮ್ಮದು ಈ ದೊಡ್ಡ ಕಾನೂನಿನ ವಿಷಯ ಅಲ್ಲ. ನೀವು ಗ್ರಾಹಕ. ದುಡ್ಡು ಕೊಟ್ಟ ವಸ್ತುವನ್ನು ಬಳಸಲು ಬಿಡುತ್ತಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ. ಬೀಗ ತೆಗೆಯಿರಿ, ಇಲ್ಲವಾದರೆ ಟ್ಯಾಬ್‌ನ ದುಡ್ಡು ವಾಪಸ್ ಕೊಡಿ ಅಂತ ಬರೆಯಿರಿ. ಉತ್ತರ ಬರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿ ಇದ್ದರೆ ದಾರಿ ಬೇರೆ. ಆಗ ಅಲ್ಲಿ ನೇಮಕವಾದ ಅಧಿಕಾರಿಗೆ ನಿಮ್ಮ ಬಾಕಿಯ ಅರ್ಜಿ ಕೊಡಬೇಕು.

ಸಪ್ತಾಪುರ_ಅಪ್ಪ

ವಕೀಲ ಸಾಹೇಬರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ನೋಟಿಸ್ ಕನ್ನಡದಲ್ಲೇ ಬರೆದರೆ ನಡೆಯುತ್ತದೆಯಾ?

ಕೊಪ್ಪೀಕರ್ರೋಡ್_ವಕೀಲ

ನಡೆಯುತ್ತದೆ. ಬಿಲ್‌ನ ಜೆರಾಕ್ಸ್, ಬೀಗದ ಪರದೆಯ ಫೋಟೋ ಜೊತೆಗಿಡಿ. ಪೋಸ್ಟ್ ರಸೀದಿ ಜೋಪಾನ.

ನವಲಗುಂದ_ಹುಡುಗಿ

ಅಣ್ಣಾರೇ, ನಾನು ಈ ವರ್ಷ ವಿದ್ಯಾನಗರದ ಕಾಲೇಜಿಗೆ ಸೇರುತ್ತಿದ್ದೇನೆ. ಇದೆಲ್ಲ ಓದಿ ಭಯ ಆಯಿತು. ಟ್ಯಾಬ್ ಅಥವಾ ಸಣ್ಣ ಲ್ಯಾಪ್‌ಟಾಪ್ ತಗೊಳ್ಳಬೇಕು. ಅಂಗಡಿಯಲ್ಲಿ ಏನು ಕೇಳಬೇಕು?

ಗೋಕುಲರೋಡ್_ರಿಪೇರಿ

ತಂಗಿ, ಭಯ ಬೇಡ. ದುಡ್ಡು ಕೊಡುವ ಮೊದಲು ಅಲ್ಲೇ ನಿಂತು ನೋಡು.

ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಟ್ಯಾಬ್ ಆದರೆ ಅಂಗಡಿಯವರ ಕೈಯಲ್ಲೇ ಫ್ಯಾಕ್ಟರಿ ರಿಸೆಟ್ ಮಾಡಿಸು. ನಿನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ಮೊದಲಿನಿಂದ ಶುರು ಮಾಡು. ಹಳೇ ಮಾಲೀಕರ ಜಿಮೇಲ್ ಕೇಳಿದರೆ, ಅಥವಾ "ಈ ಸಾಧನ ನಿಮ್ಮ ಸಂಸ್ಥೆಗೆ ಸೇರಿದ್ದು" ಅನ್ನುವಂಥ ಮಾತು ಬಂದರೆ ಬಿಟ್ಟುಬಿಡು, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ವೈಫೈ ಇಲ್ಲದೆ ತೋರಿಸುತ್ತೇವೆ ಅಂದರೆ ಒಪ್ಪಬೇಡ, ಆ ಬೀಗ ಇಂಟರ್ನೆಟ್ ಸಿಕ್ಕ ಮೇಲೆಯೇ ಕಾಣುವುದು. ಆಮೇಲೆ ಪ್ಲೇ ಸ್ಟೋರ್‌ನಿಂದ ಫೈರ್‌ಫಾಕ್ಸ್ ಇಳಿಸಿ, ಅದನ್ನು ಡೀಫಾಲ್ಟ್ ಮಾಡಿ, ಒಂದು ಸೈಟ್ ತೆರೆದು ನೋಡು. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ನಲ್ಲಿ ಯೂಬ್ಲಾಕ್ ಒರಿಜಿನ್ ಹಾಕಬಹುದು. ಜಾಹೀರಾತು ಕಡಿಮೆ ಆದರೆ ಡೇಟಾ ಉಳಿಯುತ್ತದೆ.

ಹಳೇ ಐಪ್ಯಾಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ನೋಡು. ಮೊದಲ ಐಪ್ಯಾಡ್ ಏರ್‌ನ ಹಾಗೆ ಐಓಎಸ್ 12ಕ್ಕೇ ನಿಂತಿದ್ದರೆ ಓದಲು, ಸಿನಿಮಾ ನೋಡಲು ಸರಿ. ಬ್ಯಾಂಕ್ ಕೆಲಸಕ್ಕೆ ಬೇಡ.

ಹೊಸ ವಿಂಡೋಸ್ ಲ್ಯಾಪ್‌ಟಾಪ್ ಆದರೆ ಎಸ್ ಮೋಡ್ ಇದೆಯಾ ಅಂತ ಕೇಳು. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಬರೆದಿರುತ್ತದೆ. ಅದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್ ಬಿಟ್ಟು ಹೊರಗಿನ ಯಾವ ಪ್ರೋಗ್ರಾಮೂ ಹಾಕಲು ಆಗಲ್ಲ. ಅದರಿಂದ ಹೊರಬರಲು ದುಡ್ಡು ಬೇಡ, ಸ್ಟೋರ್‌ನಿಂದಲೇ ಆಗುತ್ತದೆ, ಆದರೆ ಒಮ್ಮೆ ಬಂದರೆ ವಾಪಸ್ ಹೋಗಲು ಬರಲ್ಲ. ಆ ಬದಲಾವಣೆಗೆ ಯಾರಾದರೂ ನಿನ್ನ ಹತ್ತಿರ ದುಡ್ಡು ಕೇಳಿದರೆ ಕೊಡಬೇಡ, ಇಲ್ಲಿಗೆ ತಗೊಂಡು ಬಾ.